ರಕ್ಷಣಾ ವೆಚ್ಚ: ಹತ್ತು ವರ್ಷದ ಹೋಲಿಕೆ ಹೇಗೆ?

ಪ್ರಶ್ನೆ: ಭಾರತದ ರಕ್ಷಣಾ ಬಜೆಟ್ 2014-15ರಲ್ಲಿ 2.29 ಲಕ್ಷ ಕೋಟಿ, 2024-25ರಲ್ಲಿ 6.22 ಲಕ್ಷ ಕೋಟಿ. ಖರ್ಚು 2.7 ಪಟ್ಟಾಯಿತು ಅನ್ನಬಹುದೇ?

ಉತ್ತರ 1: ಖಂಡಿತ ಬೇಡ. ಹಳೆಯ ಅಂಕಿಯಲ್ಲಿ ಪಿಂಚಣಿ ಸೇರಿಲ್ಲ. ಹೊಸದರಲ್ಲಿ ಪಿಂಚಣಿಯೇ 1.41 ಲಕ್ಷ ಕೋಟಿ ಇದೆ. ಎರಡೂ ಕಡೆ ಸೇರಿಸಿ, ಇಲ್ಲವೇ ಎರಡೂ ಕಡೆ ತೆಗೆಯಿರಿ. ಆಮೇಲೆ ಬೆಲೆ ಏರಿಕೆ: ಪ್ರತಿ ವರ್ಷದ ಮೊತ್ತವನ್ನು ಆ ವರ್ಷದ ಬೆಲೆ ಸೂಚ್ಯಂಕದಿಂದ ಭಾಗಿಸಿ, ಆಧಾರ ವರ್ಷದ (ಹೋಲಿಕೆಗೆ ಆರಿಸಿಕೊಂಡ ವರ್ಷದ) ಸೂಚ್ಯಂಕದಿಂದ ಗುಣಿಸಿ.

ಉತ್ತರ 2: ಬಜೆಟ್ ಅಂದಾಜು ಎಂದರೆ ನಿಜವಾದ ಖರ್ಚಲ್ಲ, ಮಾರಾಯ್ರೇ. ಎರಡು ವರ್ಷದ ನಂತರದ ಬಜೆಟ್‌ನಲ್ಲಿ ಬರುವ ವಾಸ್ತವಿಕ ವೆಚ್ಚ ಹಿಡಿಯಿರಿ.

ಪ್ರಶ್ನೆ ಕೇಳಿದವರು: ಸಿಪ್ರಿಯ (ದೇಶಗಳ ಸೇನಾ ವೆಚ್ಚ ಲೆಕ್ಕ ಹಾಕುವ ಸ್ಟಾಕ್‌ಹೋಮ್‌ನ ಸಂಶೋಧನಾ ಸಂಸ್ಥೆ) ಅಂಕಿ ಇದಕ್ಕೆ ಹೊಂದುತ್ತಿಲ್ಲವಲ್ಲ?

ಉತ್ತರ 1: ಹೊಂದುವುದೂ ಇಲ್ಲ. ಅವರು ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದ ಅರೆಸೇನಾ ಪಡೆಗಳ ವೆಚ್ಚವನ್ನೂ ಸೇರಿಸುತ್ತಾರೆ; ಏಪ್ರಿಲ್-ಮಾರ್ಚ್ ಲೆಕ್ಕವನ್ನು ಕ್ಯಾಲೆಂಡರ್ ವರ್ಷಕ್ಕೆ ಹೊಂದಿಸುತ್ತಾರೆ.