ಡಿಸ್ಟಿಲೇಶನ್‌ನಲ್ಲಿ ಥರ್ಮಾಮೀಟರ್ ಎಷ್ಟು ಕೆಳಗಿಡಬೇಕು? 83 ಬರುವಲ್ಲಿ 76 ತೋರಿಸ್ತದೆ

ಪ್ರಶ್ನೆ (ಕುಂಬಳೆ)
ಬಿ.ಎಸ್ಸಿ. ಪ್ರಾಕ್ಟಿಕಲ್‌ನ ಸೈಕ್ಲೋಹೆಕ್ಸೀನ್ ಎಂಬ ದ್ರವದ ತಯಾರಿ. 20 ಮಿ.ಲೀ. ಸೈಕ್ಲೋಹೆಕ್ಸಾನಾಲ್ (ಒಂದು ಆಲ್ಕೊಹಾಲ್), 5 ಮಿ.ಲೀ. 85% ಫಾಸ್ಫಾರಿಕ್ ಆಸಿಡ್. ತೊಳೆದು ಎರಡನೇ ಸಲ ಬಟ್ಟಿ ಇಳಿಸುವಾಗ (ಡಿಸ್ಟಿಲೇಶನ್) ಅದರ ಕುದಿಬಿಂದು 83 ಡಿಗ್ರಿ ಬರಬೇಕಲ್ಲ? ಒಂದು ಸೆಟ್ 71ಕ್ಕೆ ಶುರುವಾಗಿ 76ರಲ್ಲಿ ನಿಲ್ತದೆ, ಪಕ್ಕದ್ದು 88. ಎರಡರ ಥರ್ಮಾಮೀಟರ್ ಅದಲುಬದಲು ಮಾಡಿದರೂ ಹಾಗೆಯೇ. ಬಲ್ಬ್ ದ್ರವದಲ್ಲಿ ಮುಳುಗಬೇಕಾ?

ಉತ್ತರ (ಬದಿಯಡ್ಕ)
ಮುಳುಗಿಸಬೇಡಿ ಮಾರಾಯ್ರೆ. ಬೇಕಾದದ್ದು ಕಂಡೆನ್ಸರಿಗೆ (ಆವಿಯನ್ನು ತಣಿಸಿ ದ್ರವ ಮಾಡುವ ಕೊಳವೆ) ಹೋಗುವ ಆವಿಯ ಉಷ್ಣತೆ, ಫ್ಲಾಸ್ಕಿನೊಳಗಿನ ದ್ರವದ್ದಲ್ಲ. ಬಲ್ಬಿನ ಮೇಲ್ತುದಿ ಫ್ಲಾಸ್ಕಿನಿಂದ ಕಂಡೆನ್ಸರಿಗೆ ಹೋಗುವ ಪಕ್ಕದ ಕೊಳವೆಯ ಬಾಯಿಯ ಕೆಳಅಂಚಿಗೆ ಸಮ ಇರಲಿ. ಅದಕ್ಕಿಂತ ಮೇಲಿದ್ದರೆ ಆವಿ ಬಲ್ಬನ್ನು ಪೂರ್ತಿ ಸುತ್ತುವ ಮೊದಲೇ ಕೊಳವೆಗೆ ತಿರುಗ್ತದೆ, ಓದಿಕೆ ಕಡಿಮೆ ಬರ್ತದೆ. ತೀರಾ ಕೆಳಗಿದ್ದರೆ ಕುದಿಯುವ ದ್ರವ ಸಿಡಿದು ಹೆಚ್ಚು ತೋರಿಸ್ತದೆ.

ಸರಿಯಾಗಿದೆಯಾ ಅಂತ ನೋಡಲು ಬಲ್ಬಿನ ತುದಿ ಗಮನಿಸಿ: ಸದಾ ಒಂದು ಹನಿ ತೂಗುತ್ತಿರಬೇಕು. ಬಲ್ಬ್ ಒಣಗಿದ್ದರೆ ಆ ಅಂಕಿ ಬರೆದುಕೊಳ್ಳಬೇಡಿ. ಸೆಕೆಂಡಿಗೆ ಒಂದು ಹನಿ ಬೀಳುವಷ್ಟೇ ಬಿಸಿ ಸಾಕು. ಮತ್ತೆ, ತಲೆಯ ಮೇಲಿನ ಫ್ಯಾನ್ ಆಫ್ ಮಾಡಿ! ಗಾಳಿಗೆ ಫ್ಲಾಸ್ಕಿನ ಕುತ್ತಿಗೆ ತಣಿದರೆ ಓದಿಕೆ ಏರುವುದೇ ಇಲ್ಲ.

ಉತ್ತರ (ಮಂಜೇಶ್ವರ)
ಬಲ್ಬಿನ ಮಾತು ಸರಿ, ಆದರೆ 71ಕ್ಕೆ ಶುರು ಅಂದರೆ ನನಗೆ ಮೊದಲು ನೀರಿನ ಮೇಲೆ ಸಂಶಯ. ಸೈಕ್ಲೋಹೆಕ್ಸೀನ್ ಮತ್ತು ನೀರು ಜೊತೆಯಾಗಿ 70.8ಕ್ಕೇ ಕುದಿಯುತ್ತವೆ. ಮೊದಲ ಹನಿಗಳು ಮಸುಕಾಗಿ ಬಂದರೆ ಒಣಗಿಸಿದ್ದು ಸಾಲದು ಅಂತಲೇ ಅರ್ಥ. ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಆಗಾಗ ಕುಲುಕಿ, 10–15 ನಿಮಿಷ ಬಿಡಿ. ಅದು ಉಳಿದ ಆಲ್ಕೊಹಾಲನ್ನೂ (ಸೈಕ್ಲೋಹೆಕ್ಸಾನಾಲ್) ಸ್ವಲ್ಪ ಹಿಡಿಯುತ್ತದೆ. ದ್ರವ ತಿಳಿಯಾದ ಮೇಲೆ ಸೋಸಿ, ಒಣ ಫ್ಲಾಸ್ಕಿಗೆ ಹಾಕಿ. ಮಳೆಗಾಲದಲ್ಲಿ ಆ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಯೇ ನೀರು ಕುಡಿದು ಗಟ್ಟಿಯಾಗಿರ್ತದೆ, ಅದನ್ನೂ ನೋಡಿ.

88ರದ್ದು ಬೇರೆ. ಅಲ್ಲಿಯೇ ನಿಂತಿದ್ದರೆ ಬಲ್ಬ್ ಕೆಳಗಿದೆ ಅಥವಾ ಬಿಸಿ ಜಾಸ್ತಿ. ನಿಲ್ಲದೆ ಏರುತ್ತಾ ಹೋದರೆ ಉಳಿದ ಸೈಕ್ಲೋಹೆಕ್ಸಾನಾಲ್ ಬರುತ್ತಿದೆ, ಅದು 161ಕ್ಕೆ ಕುದಿಯುವಂಥದ್ದು. 81–84ರ ನಡುವಿನದ್ದು ಮಾತ್ರ ತೂಕ ಮಾಡಿಟ್ಟ ಬಾಟಲಿಯಲ್ಲಿ ಹಿಡಿಯಿರಿ.

ಉತ್ತರ (ಹೊಸೂರು)
ಒಂದು ಸೇರಿಸ್ತೀನಿ. ಕಾಸರಗೋಡಿನ ಕರಾವಳಿಯಲ್ಲಿ 83 ಸರಿ. ನಮ್ಮ ಹೊಸೂರು ಸುಮಾರು 900 ಮೀಟರ್ ಎತ್ತರ, ಗಾಳಿಯ ಒತ್ತಡ 685 ಮಿ.ಮೀ. ಆಸುಪಾಸು. ಕುದಿಬಿಂದು ಎಷ್ಟು ಇಳಿಯುತ್ತೆ ಅನ್ನೋ ಲೆಕ್ಕ ಹೀಗೆ: 0.00012 × (760 − ಒತ್ತಡ) × (ಕುದಿಬಿಂದು + 273). 75 × 0.00012 × 356 ಅಂದರೆ 3.2. ಹಾಗಾಗಿ ಇಲ್ಲಿ 80 ಬಂದರೇ ಸರಿಯಾದ ಉತ್ತರ. ಪುಸ್ತಕದ ಅಂಕಿ ಬರಲಿಲ್ಲ ಅಂತ ಇಲ್ಲಿಯ ಹುಡುಗರು ಒಳ್ಳೇ ಮಾಲನ್ನೇ ಚೆಲ್ಲಿಬಿಡ್ತಾರೆ.

ಚಳಿಗಾಲದಲ್ಲಿ ಸೈಕ್ಲೋಹೆಕ್ಸಾನಾಲ್ ಬಾಟಲಿಯಲ್ಲೇ ಗಟ್ಟಿಯಾಗುತ್ತೆ (25ಕ್ಕೆ ಕರಗೋದು), ಉಗುರುಬೆಚ್ಚಗಿನ ನೀರಲ್ಲಿಡಿ ಸಾಕು.

ಪ್ರಶ್ನೆ ಕೇಳಿದವರು
ಮೊದಲ ಹನಿಗಳು ಮಸುಕೇ ಇದ್ದವು. ಹಾಗಾದರೆ ನೀರು. 0–360ರ ಥರ್ಮಾಮೀಟರ್ ಇದಕ್ಕೆ ನಡೀತದಾ?

ಉತ್ತರ (ಬದಿಯಡ್ಕ)
ನಡೀತದೆ, ಆದರೆ ಗೀಟುಗಳು ಒತ್ತೊತ್ತಾಗಿ ಒಂದು ಡಿಗ್ರಿ ಆಚೀಚೆ ಆದರೂ ಕಾಣುವುದಿಲ್ಲ. 110ರದ್ದು ತೆಗೆದುಕೊಳ್ಳಿ. ಪುಡಿ ಮಂಜುಗಡ್ಡೆ ಮತ್ತು ನೀರಿನಲ್ಲಿಟ್ಟು 0 ತೋರಿಸ್ತದಾ ನೋಡಿ. ಪಾದರಸದ ಎಳೆ ತುಂಡಾಗಿದೆಯಾ ಅಂತಲೂ ನೋಡಿ. ಕಾರ್ಕಿಗೆ ತೂರಿಸುವಾಗ ಗ್ಲಿಸರಿನ್ ಸವರಿ, ಬಟ್ಟೆಯಿಂದ ಕಾರ್ಕಿನ ಹತ್ತಿರವೇ ಹಿಡಿದು ತಿರುಗಿಸುತ್ತಾ ಒಳಗೆ ಬಿಡಿ. ದೂರ ಹಿಡಿದು ಒತ್ತಿದರೆ ಗಾಜು ಮುರಿದು ಅಂಗೈಗೇ ನುಗ್ತದೆ.

ಮತ್ತೆ ಸೈಕ್ಲೋಹೆಕ್ಸೀನಿಗೆ ಬೇಗ ಬೆಂಕಿ ಹಿಡೀತದೆ, ನೀರಿನ ಬಾತ್‌ನಲ್ಲೇ ಕಾಯಿಸಿ. ಕುದಿಗಲ್ಲು (ಸಮವಾಗಿ ಕುದಿಯಲು ಹಾಕುವ ಸಣ್ಣ ಕಲ್ಲುಚೂರು) ದ್ರವ ತಣ್ಣಗಿರುವಾಗಲೇ ಹಾಕಿ. ಬಿಸಿ ದ್ರವಕ್ಕೆ ಹಾಕಿದರೆ ಎಲ್ಲ ಒಮ್ಮೆಲೇ ಉಕ್ಕಿ ಬರ್ತದೆ. ಪೂರ್ತಿ ಒಣಗುವವರೆಗೆ ಬಿಡಬೇಡಿ, ಒಂದೆರಡು ಮಿ.ಲೀ. ಉಳಿದಿರುವಾಗಲೇ ಬಾತ್ ತೆಗೆಯಿರಿ.