ಹೋದ ವರ್ಷದ ತಾರೀಖು ನಂಬಬೇಡ ಪುಟ್ಟೀ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಮೆಕ್ಕೆಜೋಳದ ಎಲೆಯ ಹಸಿರೆಲ್ಲ ಕೆರೆದು ಬಿಳಿ ಪೊರೆ ಉಳಿದಿದೆ, ಈ ಸಲ ಚಳಿಯೂ ಬೀಳಲಿಲ್ಲ, ಸೈನಿಕ ಹುಳ ಇಷ್ಟು ಬೇಗ ಬರುತ್ತದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬರುತ್ತದೆ ಮಗಾ. ಹೋದ ವರ್ಷದ ತಾರೀಖು ನಂಬಿ ಕೂರಬೇಡ.

ನಮ್ಮ ಬಾವಿ ಪಕ್ಕದ ಹೊಲ ನಿಮಗೆಲ್ಲ ಗೊತ್ತೇ ಇದೆಯಲ್ಲ, ತಾರೀಖು ನಂಬಿ ನಾನು ಕೆಟ್ಟಿದ್ದು ಅಲ್ಲೇ. ಈ ಸೈನಿಕ ಹುಳ ಅಮೆರಿಕ ಕಡೆಯದು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು, 2018ರಲ್ಲಿ ಭಾರತಕ್ಕೆ ಬಂತು. ಮಾರನೇ ವರ್ಷ ನಾನು ಹಿಂದಿನ ಸಲ ಹುಳ ಕಂಡಾಗ ಬರೆದಿಟ್ಟ ದಿನ ನೋಡಿಕೊಂಡು, ಇನ್ನೂ ಎರಡು ವಾರ ಇದೆ ಅಂತ ಸುಮ್ನಿದ್ದೆ. ಆದರೆ ಆ ವರ್ಷ ಬೆಚ್ಚಗಿತ್ತು. 28 ಡಿಗ್ರಿ ಹತ್ತಿರ ಇದ್ದರೆ ಮೊಟ್ಟೆ ಪತಂಗವಾಗಲು ಸುಮಾರು 30 ದಿನ ಸಾಕು, ಚಳಿಯಲ್ಲಾದರೆ 60 ದಿನವೂ ದಾಟುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ಒಂದು ಬೆಳಿಗ್ಗೆ ಸುಳಿ ಬಿಚ್ಚಿದರೆ ಒಳಗೆಲ್ಲ ಒದ್ದೆ ಮರದ ಹೊಟ್ಟಿನ ಹಾಗೆ ಹಿಕ್ಕೆ, ಅದರ ಕೆಳಗೆ ಅರ್ಧ ಬೆರಳುದ್ದದ ಹುಳ, ತಲೆ ಮೇಲೆ ತಲೆಕೆಳಗಾದ ವೈ ಅಕ್ಷರ. ಔಷಧಿ ಹೊಡೆದೆವು. ಎಲೆ ಮೇಲಿಂದ ಜಾರಿ ನೆಲಕ್ಕೆ ಹೋಯಿತು, ಹುಳಕ್ಕೆ ಮುಟ್ಟಲೇ ಇಲ್ಲ. ಅರ್ಧ ಹೊಲ ತೆನೆ ಕಟ್ಟಲಿಲ್ಲ.

ಮತ್ತೆ ಹೇಳುತ್ತೇನೆ, ತಾರೀಖು ನಂಬಬೇಡ. ಹಿಮ ಬೀಳುವ ಕಡೆ ಈ ಹುಳ ಚಳಿಗಾಲ ದಾಟದೆ ಸಾಯುತ್ತದೆ, ಚಳಿ ಕಡಿಮೆಯಾದ ಹಾಗೆಲ್ಲ ಅಂಥ ಜಾಗದಲ್ಲೂ ಬೇರೂರುತ್ತದೆ. ಗಾಳಿ ಸಿಕ್ಕರೆ ಪತಂಗ ಒಂದೇ ರಾತ್ರಿ 100 ಕಿಲೋಮೀಟರ್ ಹಾರುತ್ತದೆ, ಬೇಲಿ ಯಾವ ಲೆಕ್ಕ? ತೀರಾ ಸುಡುವ ಬಿಸಿಯಾದರೆ ಅದಕ್ಕೂ ಕಷ್ಟವೇ, ಜೋರು ಮಳೆಗೆ ಮರಿಹುಳ ಕೊಚ್ಚಿಹೋಗುತ್ತವೆ. ಆದರೆ ಆ ಮಳೆಯನ್ನಾದರೂ ಈಗ ನಂಬುವ ಹಾಗಿದೆಯಾ?

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಔಷಧಿ ಕೊಟ್ಟವರು ಹುಳ ಯಾವುದು ಅಂತ ಒಂದು ಮಾತು ಕೇಳಲಿಲ್ಲ, ಮೂರು ಬಾಟಲಿ ಕೈಗಿಟ್ಟರು. ನಷ್ಟಕ್ಕೆ ಅರ್ಜಿ ಕೊಟ್ಟೆವು. ನೋಡಲು ಬಂದವರು ಬರುವ ಹೊತ್ತಿಗೆ ಬೆಳೆಯೇ ಒಣಗಿತ್ತು, ಹುಳ ಎಲ್ಲಿ ತೋರಿಸಿ ಅಂದರು! ಮಣ್ಣೊಳಗೆ ಇಳಿದು ಕೋಶವಾಗಿ, ಪತಂಗವಾಗಿ ಹಾರಿಹೋದ ಹುಳವನ್ನು ನಾನು ಎಲ್ಲಿಂದ ತರಲಿ? ನಿಮ್ಮ ದೊಡ್ಡಪ್ಪ ಆ ದಿನ ಊಟವನ್ನೇ ಮಾಡಲಿಲ್ಲ.

ಅಯ್ಯೋ, ಹೇಳಬೇಕಾದ್ದೇ ಮರೆತೆ ನೋಡು. ನಾಳೆ ಬೆಳಿಗ್ಗೆಯೇ ಹೊಲಕ್ಕೆ ಹೋಗು. ಐದು ಕಡೆ ನಿಂತು ಹತ್ಹತ್ತು ಗಿಡದ ಸುಳಿ ನೋಡು. ಎಲೆ ಮೇಲೆ ಬೂದು ಬಣ್ಣದ ನವಿರು ಹೊದ್ದ ಮೊಟ್ಟೆ ಗುಂಪು ಕಂಡರೆ ಅಲ್ಲೇ ಹೊಸಕಿಬಿಡು, ಒಂದರಲ್ಲೇ ನೂರಿನ್ನೂರು ಇರುತ್ತವೆ. ಹುಳದ ಹಿಂಭಾಗದಲ್ಲಿ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿದ್ದರೆ ಅದೇ. ಚಿಕ್ಕ ಹುಳ ಇರುವಾಗಲೇ, ಸಂಜೆ ಹೊತ್ತು, ಬೇವಿನ ಔಷಧಿ ಸುಳಿಯೊಳಗೆ ಬೀಳುವ ಹಾಗೆ ಹೊಡಿ. ಮೋಹಕ ಬಲೆ, ಅದೇ ಹೆಣ್ಣು ಪತಂಗದ ವಾಸನೆಯಿಟ್ಟು ಗಂಡು ಪತಂಗ ಹಿಡಿಯುವುದು, ಈಗಲೇ ಕಟ್ಟು, ಅದರಲ್ಲಿ ಮೊದಲ ಪತಂಗ ಬಿದ್ದ ದಿನದಿಂದ ಹುಳ ಬರುವ ಲೆಕ್ಕ ಹಾಕು. ಆಮೇಲೆ ಫೋಟೋ ಹಾಕು ಮಗಾ, ಬರೀ ಎಲೆದಲ್ಲ, ಸುಳಿ ಬಿಚ್ಚಿದ್ದು.