ಥ್ರಸ್ಟ್, ಪವರ್ ಎರಡಕ್ಕೂ ‘ಶಕ್ತಿ’ ಎನ್ನಬಹುದೇ?

ಮಡಿಕೇರಿಯ ಹೈಸ್ಕೂಲು ಮಕ್ಕಳಿಗೆಂದು ಸಿದ್ಧವಾಗುತ್ತಿರುವ ವಿಮಾನ ಪಾಠವೊಂದರಲ್ಲಿ ‘ಇಂಜಿನ್ನಿನ ಶಕ್ತಿ ಹೆಚ್ಚಿದಷ್ಟೂ ವಿಮಾನ ಕಡಿದಾಗಿ, ಬೇಗ ಏರುತ್ತದೆ’ ಎಂಬ ಸಾಲಿದೆ. ಇದನ್ನು ಹೀಗೇ ಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಡಿದಾಗಿ ಏರುವುದೇ ಬೇರೆ, ಬೇಗ ಏರುವುದೇ ಬೇರೆ: ಮೊದಲನೆಯದು ಥ್ರಸ್ಟ್‌ನ ಲೆಕ್ಕ, ಎರಡನೆಯದು ಪವರ್‌ನದು.

ಥ್ರಸ್ಟ್‌ಗೆ ‘ನೂಕುಬಲ’ ಒಪ್ಪುತ್ತದೆ. ಗಾಳಿಯ ಎಳೆತವನ್ನು ಗೆದ್ದು ಮಿಕ್ಕ ನೂಕುಬಲವನ್ನು ತೂಕದಿಂದ ಭಾಗಿಸಿದರೆ ಏರುವ ಕೋನದ ಸೈನ್ ಬೆಲೆ ಸಿಗುತ್ತದೆ. ಅದೇ ಮಿಕ್ಕ ಬಲವನ್ನು ವೇಗದಿಂದ ಗುಣಿಸಿದರೆ ಮಿಕ್ಕ ಪವರ್ (ಪವರ್ ಎಂದರೆ ಕೆಲಸ ನಡೆಯುವ ದರ). ಅದನ್ನು ತೂಕದಿಂದ ಭಾಗಿಸಿದಾಗ ನಿಮಿಷಕ್ಕೆ ಎಷ್ಟು ಎತ್ತರ ಎಂಬ ಲೆಕ್ಕ. ಬ್ರೇಕ್ ಹಿಡಿದು ಪೂರ್ತಿ ಥ್ರಾಟಲ್ ಕೊಟ್ಟ ವಿಮಾನದಲ್ಲಿ ನೂಕುಬಲ ಧಾರಾಳವಾಗಿದೆ, ಆದರೆ ವೇಗ ಸೊನ್ನೆ. ವಿಮಾನವನ್ನು ಒಯ್ಯುವ ಪವರ್ ಕೂಡ ಸೊನ್ನೆ. ಮಾಂದಲಪಟ್ಟಿಯ ಏರಿನಲ್ಲಿ ಫಸ್ಟ್ ಗೇರ್ ಹಾಕಿದ ಜೀಪನ್ನು ನೋಡಿದ ಮಕ್ಕಳಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ: ಗೇರ್ ಚಕ್ರದ ಬಲವನ್ನು ಹೆಚ್ಚಿಸುತ್ತದೆ, ಇಂಜಿನ್ನಿನ ಪವರನ್ನಲ್ಲ.

ಸೆಸ್ನಾ 172ಎಸ್ ಎಂಬ ನಾಲ್ಕು ಸೀಟಿನ ಪುಟ್ಟ ವಿಮಾನವನ್ನು ತೆಗೆದುಕೊಳ್ಳಿ. 180 ಅಶ್ವಶಕ್ತಿ, ಪೂರ್ಣ ತೂಕ 1157 ಕಿಲೋ. ಕಡಲಮಟ್ಟದಲ್ಲಿ ಅತಿ ಕಡಿದಾದ ಏರಿಗೆ 62 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಅತಿ ಬೇಗನೆಯ ಏರಿಗೆ 74 ನಾಟ್. ಎರಡನೆಯದರಲ್ಲಿ ನಿಮಿಷಕ್ಕೆ 730 ಅಡಿ ಏರುತ್ತದೆ. ಅದಕ್ಕೆ ಬೇಕಾದದ್ದು ಸುಮಾರು 56 ಅಶ್ವಶಕ್ತಿ ಮಾತ್ರ. ಉಳಿದದ್ದು ಎಳೆತಕ್ಕೂ ಪ್ರೊಪೆಲರ್ ನಷ್ಟಕ್ಕೂ ಹೋಯಿತು. ಮಡಿಕೇರಿಯಷ್ಟು, ಅಂದರೆ ಸುಮಾರು 1150 ಮೀಟರ್ ಎತ್ತರದಲ್ಲಿ 27 ಡಿಗ್ರಿ ಬಿಸಿಲಿದ್ದರೆ ಗಾಳಿ ಪ್ರಮಾಣಿತ ವಾತಾವರಣದಲ್ಲಿ 1850 ಮೀಟರ್ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ನಿನ ಪವರ್ ಕುಗ್ಗುತ್ತದೆ, ಮಿಗುವ ಪಾಲಿಗೆ ಇನ್ನೂ ದೊಡ್ಡ ಹೊಡೆತ. ಎದುರಿಗೆ ಬೆಟ್ಟ ಬಂತೆಂದು ಪೈಲಟ್ ಆಗ 62ಕ್ಕಿಂತ ತೀರಾ ಕೆಳಗೆ ವೇಗ ಇಳಿಯುವಂತೆ ಮೂತಿ ಎತ್ತಿದರೆ ಎಳೆತ ಬೆಳೆದು, ಇದ್ದ ಏರಿಕೆಯೂ ಹೋಗುತ್ತದೆ. ಮೂತಿ ಮೇಲಿದೆ, ವಿಮಾನ ಮಾತ್ರ ಏರುತ್ತಿಲ್ಲ.

ಪವರ್‌ಗೆ ಪಠ್ಯಪುಸ್ತಕದ ‘ಸಾಮರ್ಥ್ಯ’ ಇದೆ. ‘ಶಕ್ತಿ’ ಅಲ್ಲಿ ಎನರ್ಜಿಗೆ ಮೀಸಲು. ಆದರೆ ‘ಅಶ್ವಶಕ್ತಿ’ ಪವರಿನ ಅಳತೆಯಾಗಿ ಬೇರೂರಿಬಿಟ್ಟಿದೆ, ಅದನ್ನು ಕೀಳುವುದು ಬೇಡ. ಕೋನಕ್ಕೆ ‘ಏರುಕೋನ’, ದರಕ್ಕೆ ‘ಏರುದರ’ ಎಂದಿಟ್ಟು, ಎರಡಕ್ಕೂ ಸಲ್ಲುವ ‘ಏರಿಕೆ’ಯನ್ನು ಲೆಕ್ಕದ ಸಾಲುಗಳಿಂದ ದೂರವಿಡಬಹುದು. ತೊಡಕು ‘ಎಕ್ಸೆಸ್’ ಪದದ್ದು, ಮೇಲೆ ನಾನು ‘ಮಿಕ್ಕ’ ಎಂದದ್ದು. ‘ಹೆಚ್ಚುವರಿ’ ಎಂದರೆ ಹೊರಗಿನಿಂದ ಸೇರಿಸಿದ್ದು ಎನಿಸುತ್ತದೆ. ಇಲ್ಲಿರುವುದು ಖರ್ಚು ಕಳೆದು ಉಳಿದದ್ದು. ‘ಮಿಗುಬಲ’, ‘ಮಿಗುಸಾಮರ್ಥ್ಯ’ ಎಂದರೆ ಹತ್ತನೇ ತರಗತಿಯವರಿಗೆ ತಿಳಿದೀತೇ? ಇದಕ್ಕಿಂತ ಸಲೀಸಾದ ಪದವಿದ್ದರೆ ದಯವಿಟ್ಟು ಒಂದು ಬಳಕೆಯ ವಾಕ್ಯದೊಡನೆ ತಿಳಿಸಿ.